ಬಾಗಿಲಾಚೆಯ ಪ್ಲಾಸ್ಟಿಕ್ ಕುರ್ಚಿ

ಕೋಣನಕುಂಟೆ
೩೧-೮-೨೦೨೫

ಅಕ್ಕನ ಮಗಳು ಶ್ವೇತಳಿಗೆ,

ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ನಿನ್ನ ಆರೋಗ್ಯ ಹೇಗಿದೆ ಎಂದು ಕೇಳುವುದು ರೂಢಿ, ಕೇಳಿದ್ದೇನೆ. ನೀನು ಫೋನ್ ಎತ್ತುವುದಿಲ್ಲವಲ್ಲ, ಅದಕ್ಕೆ ಈ ಕಾಗದ. ಇದಕ್ಕೂ ಸ್ಯಾನಿಟೈಸರ್ ಹೊಡೆಯುತ್ತೀಯ ಎಂದು ಗೊತ್ತಿದ್ದೇ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಬುದ್ಧಿ ಬಿಟ್ಟವನಲ್ಲ ನಿನ್ನ ಮಾವ.

ನಿಮ್ಮಪ್ಪ ಹೋದ ಮೇಲೆ ಗೌರಿ ಹಬ್ಬದ ಬಾಗಿನವನ್ನು ನಿನ್ನ ಗಂಡ ರೇವಂತನೇ ಬಂದು ಒಯ್ಯುತ್ತಿದ್ದ. ಈ ಸಲ ನಾನೇ ಹೊತ್ತು, ಸಾರಕ್ಕಿ ಸಿಗ್ನಲ್ಲಿನಲ್ಲಿ ಬೆಂದು, ಬಿಟಿಎಂನ ನಿಮ್ಮ ಮನೆಗೆ ಬಂದೆ. ನಮ್ಮ ಕಡೆ ಬೈರಣ್ಣ ಬಂದನೆಂದರೆ ಬ್ಯಾಂಕ್ ಮ್ಯಾನೇಜರೂ ಎದ್ದು ಕುರ್ಚಿ ಕೊಡುತ್ತಾನೆ. ನೀನೂ ಕೊಟ್ಟೆ, ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಪೇಪರ್ ಲೋಟದಲ್ಲಿ ಕಾಫಿ. ನಿಮ್ಮವ್ವ ಅಂಗಡಿ ಅಂಗಡಿ ಅಲೆದು ಆರಿಸಿದ ಹಸಿರು ಬಳೆಗೆ, ರವಿಕೆ ಬಟ್ಟೆಗೆ, ಕೊನೆಗೆ ಅರಿಶಿನದ ಕೊಂಬಿಗೂ ನನ್ನ ತೊಡೆಯ ಮೇಲೆಯೇ ಬುಸ್ ಬುಸ್ ಎಂದು ಸ್ಯಾನಿಟೈಸರ್ ಹೊಡೆದೆ. ರವಿಕೆ ಬಟ್ಟೆ ಕೆಂಪು ಬಣ್ಣ ಬಿಟ್ಟು ನನ್ನ ಬಿಳಿ ಪಂಚೆಗೆ ಹತ್ತಿತು. ಪಕ್ಕದ ಮನೆಯವಳು, "ಏನ್ ಅಂಕಲ್, ಬಿದ್ರಾ?" ಎಂದಳು. "ನೀನ್ ಬಂದ್ರೆ ನಿಂಗೂ ಕಾಯಿಲೆ ಹತ್ತುತ್ತೆ ಕಣವ್ವ" ಎಂದು ನೀನು ನಿಮ್ಮವ್ವನನ್ನು ಹೆದರಿಸಿದ ಮೇಲೆ ಆಕೆ ನಿನ್ನ ಮುಖವನ್ನೇ ನೋಡಿಲ್ಲ. ಆಕೆಗೆ, ಮಗಳು ಒಳಗೆ ಕರೆದು ಹೋಳಿಗೆ ಬಡಿಸಿದಳು ಎಂದು ಸುಳ್ಳು ಹೇಳಿದೆ. "ತುಪ್ಪ ಹಾಕಿದ್ಲಾ?" ಎಂದು ಕೇಳಿದಳು. ಆ ಒಂದು ಮಾತಿಗೆ ನಿನ್ನನ್ನು ಕ್ಷಮಿಸುವುದಿಲ್ಲ.

ಕೊರೋನಾ ಊರು ಬಿಟ್ಟಾಯಿತು, ನಿನ್ನ ಮನೆಯಲ್ಲಿ ಮಾತ್ರ ಇನ್ನೂ ಬಾಡಿಗೆಗಿದೆ. ಖಾಲಿ ಮಾಡಿಸುವುದು ನನಗೆ ಗೊತ್ತು, ಎಂತೆಂಥವರನ್ನೋ ಮಾಡಿಸಿದ್ದೇನೆ. ಲಿಫ್ಟಿನವರೆಗೆ ಬಂದ ರೇವಂತ ಎಲ್ಲ ಹೇಳಿದ: "ಅಪ್ಪನ್ನ ನಾನೇ ಕೊಂದೆ ಅಂತಾಳೆ ಮಾವ. ಕೈ ತೊಳ್ದು ತೊಳ್ದು ಚರ್ಮ ಕಿತ್ತೋಗಿದೆ." ನೀನು ಔಷಧಿ ಅಂಗಡಿಗೆ ಹೋಗಿ ಬಂದದ್ದಕ್ಕೇ ಕೊರೋನಾ ಹತ್ತಿ ಭಾವ ಹೋದರು ಎಂದು ಯಾವ ಡಾಕ್ಟರು ಹೇಳಿದ? ಹಾಲಿನವನು ಬರುತ್ತಿದ್ದ, ಪೇಪರಿನವನು ಬರುತ್ತಿದ್ದ, ಕದ್ದುಮುಚ್ಚಿ ಇಸ್ಪೀಟಿಗೆ ಅರ್ಧ ಬೀದಿ ಬರುತ್ತಿತ್ತು. ಲೋಕಕ್ಕೆಲ್ಲ ಬಂದ ಕಾಯಿಲೆಯನ್ನು ನಾನೊಬ್ಬಳೇ ತಂದೆ ಎನ್ನಲು ನೀನೇನು ಅಷ್ಟು ದೊಡ್ಡವಳೇ? ಬಡಾಯಿ ಕೊಚ್ಚುವುದು ಈ ಮನೆತನದಲ್ಲಿ ನನ್ನ ಕೆಲಸ, ನಿನ್ನದಲ್ಲ.

ಜಯನಗರದಲ್ಲಿ ಮನಸ್ಸಿನ ಡಾಕ್ಟರಮ್ಮ ಒಬ್ಬಳಿದ್ದಾಳೆ. ಹಲ್ಲು ನೋಡದೆ ಹಸು ಕೊಂಡವನಲ್ಲ ನಾನು, ಮೊದಲು ನಾನೇ ಹೋಗಿ ಕೂತು ಪರೀಕ್ಷೆ ಮಾಡಿದೆ. ನಿದ್ದೆ ಹೇಗೆ ಎಂದಳು. ಸಖತ್ ಎಂದೆ. ಅಷ್ಟೇ ಮೆತ್ತಗೆ ಇನ್ನೊಂದು ಸಲ ಕೇಳಿದಳು. ಆಂಬುಲೆನ್ಸ್ ಸದ್ದಾದರೆ ಇವತ್ತಿಗೂ ಎದ್ದು ಹೋಗಿ ಗೇಟು ಹಿಡಿದು ನಿಲ್ಲುತ್ತೇನೆ ಎಂಬುದು ಬಾಯಿಗೆ ಬಂದೇಬಿಟ್ಟಿತು. ಕಿಲಾಡಿ ಹೆಂಗಸು. ನಿನಗೆ ಆಗಬಹುದು.

ನಿಮ್ಮವ್ವನ ಆಶೀರ್ವಾದ ನಿಮ್ಮಿಬ್ಬರಿಗೂ. ನನ್ನದು ಸದ್ಯಕ್ಕೆ ರೇವಂತನಿಗೆ ಮಾತ್ರ.

ನಿನ್ನ ಸೋದರಮಾವ,
ಬೈರಣ್ಣ

ಮರೆತಿದ್ದೆ: ಬರುವ ಭಾನುವಾರ ನಿಮ್ಮವ್ವನನ್ನು ಕರೆದುಕೊಂಡು ಬರುತ್ತೇನೆ. ಒಳಗೆ ಕರೆಯಬೇಡ, ಕರೆದರೂ ನಾನು ಬರುವವನಲ್ಲ. ಬಾಗಿಲಾಚೆ ಮೂರು ಕುರ್ಚಿ ಹಾಕು. ಒಂದು ನಿನಗೆ. ನೀನು ಬಂದು ಕೂರುವ ತನಕ ನಾವಿಬ್ಬರೂ ಏಳುವುದಿಲ್ಲ.