ಹಾಲೆರೆದ ಮೇಲೆ ಕರೆಯಲು ಬಂದವಳು

ಮಡೆಪ್ಪಣ್ಣಾ,

ಖಟಕ ಚಿಂಚೋಳಿಯ ನಮ್ಮ ತವರುಮನೆಯಿಂದಲೇ ಬರೆಯುತ್ತಿದ್ದೇನೆ. ಪಂಚಮಿಗೆ ಕೂಡಿದ ಮಂದಿಯ ಗದ್ದಲಕ್ಕೆ ತಲೆ ಚಿಟ್ಟು ಹಿಡಿದಿದೆ. ಚಿಕ್ಕಪ್ಪನ ಮಕ್ಕಳಿಗೆಲ್ಲ ಮೀಸೆ ಬಂದಿದೆ, ಬುದ್ಧಿ ಬಂದಿಲ್ಲ. ಜೋಕಾಲಿಯ ಹಗ್ಗ ಎರಡು ಸಲ ಹರಿದರು. ಎಲ್ಲರಿಗಿಂತ ಹೆಚ್ಚು ಸಿಟ್ಟು ನಿನ್ನ ಮಗಳು ನೀಲಮ್ಮನ ಮೇಲೆ.

ಈ ಸಲ ನನ್ನನ್ನು ಹಬ್ಬಕ್ಕೆ ಕರೆಯಲು ಭಾಲ್ಕಿಗೆ ಅವಳೇ ಬಂದಳು. ಇನ್ನೂ ಹದಿನಾಲ್ಕು ತುಂಬಿಲ್ಲ. "ಅಣ್ಣತಮ್ಮರು ಬರೋ ಪದ್ಧತಿ. ನೀ ಯಾಕ ಬಂದಿ?" ಎಂದರೆ, "ಅಪ್ಪನ ಪಾಳಿ ಅದ, ನಾ ಬಂದೀನಿ ಅತ್ತಿ" ಎನ್ನುತ್ತಾಳೆ! ಬಂದದ್ದಾದರೂ ಯಾವಾಗ? ನಾಗಪ್ಪನಿಗೆ ಹಾಲೆರೆದ ಮರುದಿನ, ಥೇಟ್ ನಿನ್ನ ಹಾಗೆ. ಬಂಡಿಯ ಅಚ್ಚು ಮುರಿದು ಅರ್ಧ ದಾರಿ ನಡೆದಳಂತೆ.

ಆ ವರ್ಷ ನೀನೂ ಹೇಳಿದ್ದೆ: "ದಾರ್ಯಾಗ ರಜಾಕಾರರು ಅದಾರ. ಹೊಲದಾಗ ಅಡಗಿಕೊಂತ ಬಂದೀನಿ ತಂಗಿ." ನಾನು ಹೊಸ್ತಿಲಲ್ಲೇ ನಿಂತು, "ಹಬ್ಬ ಮುಗದ ಮ್ಯಾಲ ಯಾಕ ಬಂದಿ? ತಿರುಗಿ ಹೋಗು" ಎಂದಿದ್ದೆ. ನೀನೋ ಹಟಮಾರಿ, ನೀರೂ ಕುಡಿಯದೆ ತಿರುಗಿಬಿಟ್ಟೆ. ಮುಂದಿನ ತಿಂಗಳು ಪೊಲೀಸ್ ಆಕ್ಷನ್ ಆಗಿ, ರಜಾಕಾರರಿಗೆ ಅಂಜಿ ಗಡಿ ದಾಟಿ ಹೋಗಿದ್ದವರೆಲ್ಲ ಊರಿಗೆ ಬಂದರು. ನೀನು ಮಾತ್ರ ಮನೆ ಮುಟ್ಟಲೇ ಇಲ್ಲ. ಈಗ ಮೂರು ವರ್ಷ.

ನೀಲಮ್ಮ ಅದೇ ಹೊಸ್ತಿಲ ಮುಂದೆ ನಿಂತಿದ್ದಳು, ಕಾಲ ತುಂಬ ಕೆಸರು. ಬಾಯಿತನಕ ಬಂದದ್ದನ್ನು ನುಂಗಿಕೊಂಡು, "ಒಳಗ ಬಾ, ಮೊದಲ ಕೈಕಾಲ ತೊಳಕೊ" ಎಂದೆ.

ಅಂದು ನಿನಗೂ ಅಷ್ಟೇ ಅನ್ನಬೇಕಿತ್ತು, ನೋಡು.

ಕಾಶೆಮ್ಮ