ಏಳನೆಯ ಶಿಕ್ಷಕ

ತಾಲ್ಕಾವಾನೊ, ಗುರುವಾರ, ಸಂಜೆ ಐದು ಗಂಟೆ

ಪ್ರೀತಿಯ ಇಗ್ನಾಸಿಯಾ ಅವರಿಗೆ,

ಬೆಳಗ್ಗೆ ಎವರಿಸ್ತೊ ಅವರ ಅಂಗಿಗಳನ್ನು ಚರ್ಚಿಗೆ ಕೊಟ್ಟು ಬಂದೆ. ಆಮೇಲೆ ನೀವು ಕಳಿಸಿದ ಸಂಶೋಧನಾ ಪ್ರಬಂಧ ಓದಿದೆ. ಶಾಲೆಗಳೂ ಅಂಗಡಿಗಳಂತೆ ಅಂಕ ತೋರಿಸಿ ಮಕ್ಕಳನ್ನು ಸೆಳೆಯಬೇಕಾಗಿರುವುದನ್ನು ನವ ಉದಾರವಾದ ಎಂದಿದ್ದೀರಿ. ಅದು ನಿಜ. ಆದರೆ ‘ಏಳನೆಯ ಶಿಕ್ಷಕ’ ಅದನ್ನು ಮನಸಾರೆ ಒಪ್ಪಿಕೊಂಡಿದ್ದ ಎಂದೂ ಬರೆದಿದ್ದೀರಿ. ಹೆಸರು ಮುಚ್ಚಿಟ್ಟರೂ ಅದು ನನ್ನ ಗಂಡ ಎವರಿಸ್ತೊ ಎಂದು ತಿಳಿಯಿತು. ನೀವು ಅವರ ಮಾತನ್ನು ಧ್ವನಿಮುದ್ರಿಸಿದ್ದು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ, ಆಕೆಯ ಎದುರಿಗೇ.

ಮರುತಿಂಗಳು ರಾಷ್ಟ್ರೀಯ ಪರೀಕ್ಷೆಯ ದಿನ, ಓದಿನಲ್ಲಿ ಹಿಂದಿದ್ದ ಯಾಮಿಲೆತ್‌ಳನ್ನು ಕರೆತರಲು ಅವರು ಅವಳ ಮನೆಗೇ ಹೋದರು. ನಾನೂ ಜೊತೆಗಿದ್ದೆ.

“ಇವತ್ತು ಕಳಿಸಬೇಡಿ ಅಂತ ನೀವೇ ಚೀಟಿ ಕೊಟ್ಟಿದ್ರಲ್ಲ ಮೇಷ್ಟ್ರೇ?” ಎಂದಳು ತಾಯಿ.

“ಚೀಟಿ ಶಾಲೇದು ಕಣಮ್ಮ, ಬಂದಿರೋನು ನಾನು. ಬೇಗ ಜಡೆ ಹಾಕು.”

ಶಾಲೆಯ ಸರಾಸರಿ ಅಂಕ ಇಳಿಯಿತು. ಅದಕ್ಕೇ ಅವರ ಕೆಲಸ ಹೋಯಿತು.

ಪ್ರಬಂಧ ಒಪ್ಪಿಸುವ ಮುನ್ನ ದಯವಿಟ್ಟು ಆ ಸಾಲು ತೆಗೆಯಿರಿ. ಅವರನ್ನು ಮತ್ತೆ ಕೇಳೋಣವೆಂದರೆ ಈಗ ಅವರಿಲ್ಲ. ಯಾಮಿಲೆತ್‌ಳ ತಾಯಿ ನಿಮ್ಮೆದುರು ಮಾತಾಡಲು ಒಪ್ಪಿದ್ದಾಳೆ. ನಾಳೆ ಒಂಬತ್ತರ ಬಸ್ಸಿಗೆ ನಾವಿಬ್ಬರೂ ನಿಮ್ಮಲ್ಲಿಗೆ ಹೊರಡುತ್ತೇವೆ.

ಇಂತು,
ಎದೆಲ್ಮಿರಾ