ಫಾರಂನಲ್ಲಿದ್ದ ನಂಬರು ನನ್ನದು

ಮಾನ್ಯರೇ,

ನವಜಾತ ಶಿಶುಗಳ ರಕ್ತ ತಪಾಸಣಾ ವಿಭಾಗದ ಮುಖ್ಯಸ್ಥರಾದ ತಮ್ಮಲ್ಲಿ ನನ್ನ ದೂರು ಇಷ್ಟೇ: ನನ್ನ ಮೊಮ್ಮಗಳ ರಕ್ತದಲ್ಲಿ ಏರುಪೇರಿದೆ ಎಂಬ ಸುದ್ದಿಯನ್ನು ತಮ್ಮ ಕಚೇರಿ ಅವಳ ತಾಯಿಗೆ ಹೇಳಲಿಲ್ಲ, ತಂದೆಗೆ ಹೇಳಲಿಲ್ಲ, ನನಗೆ ಹೇಳಿತು. ನಾನು ಅದನ್ನು ಮೂರು ದಿನ ಬಚ್ಚಿಟ್ಟೆ. ತಪ್ಪಿನಲ್ಲಿ ನಮ್ಮಿಬ್ಬರಿಗೂ ಪಾಲಿದೆ. ನನ್ನ ಪಾಲನ್ನು ಒಪ್ಪಿಕೊಂಡು ತಮ್ಮ ಪಾಲನ್ನು ಕೇಳಲು ಬಂದಿದ್ದೇನೆ. ಪತ್ರಿಕೆಗೇ ಬರೆಯುತ್ತಿರುವುದು ಏಕೆಂದರೆ, ತಮ್ಮ ದೂರು ಪೆಟ್ಟಿಗೆಯ ಬೀಗ ತುಕ್ಕು ಹಿಡಿದಿರುವುದನ್ನು ಕಣ್ಣಾರೆ ಕಂಡಿದ್ದೇನೆ.

ನಾನು ದರ್ಜಿ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಬರವಣಿಗೆ ಕೈಗೆ ಹತ್ತಿದ್ದು ದೂರದಲ್ಲಿರುವ ತಂಗಿಗೆ, ಸೋದರತ್ತೆಯ ಮಕ್ಕಳಿಗೆ ಕಾಗದ ಬರೆದು ಬರೆದು. ಹಾಗಾಗಿ ಮಾತು ಮನೆಯವರೊಡನೆ ಆಡಿದಂತಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಗು ಹುಟ್ಟಿದ ಮೂರನೆಯ ದಿನ ಆಸ್ಪತ್ರೆಯ ಸಿಸ್ಟರ್ ಅದರ ಹಿಮ್ಮಡಿಗೆ ಸೂಜಿ ಚುಚ್ಚಿ, ದಪ್ಪ ಕಾಗದದ ಮೇಲೆ ರಕ್ತದ ಬೊಟ್ಟುಗಳನ್ನಿಟ್ಟರು. ಜೊತೆಗೊಂದು ಫಾರಂ. ಮಗ ಪೆನ್ನು ತೆಗೆಯುವಷ್ಟರಲ್ಲಿ ನಾನೇ ಕಸಿದುಕೊಂಡೆ. "ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿರತ್ತೆ, ಕೊಡು ಇಲ್ಲಿ" ಅಂದೆ. ಸಂಪರ್ಕ ಸಂಖ್ಯೆ ಎಂದು ಒಂದೇ ಒಂದು ಖಾಲಿ ಗೆರೆ ಇತ್ತು. ಮನೆಗೆ ಹಿರಿಯ ನಾನಲ್ಲವೇ? ನನ್ನ ನಂಬರನ್ನೇ ಬರೆದೆ, ಮುತ್ತು ಪೋಣಿಸಿದ ಹಾಗೆ. ಇದು ಯಾರ ನಂಬರು ಎಂದು ಸಿಸ್ಟರ್ ಕೇಳಲಿಲ್ಲ. ಕೇಳಬೇಕೆಂದು ತಮ್ಮ ಫಾರಂ ಅವರಿಗೆ ಹೇಳಿಕೊಟ್ಟಿರಲೂ ಇಲ್ಲ. ಒಂಬತ್ತು ತಿಂಗಳು ಹೊತ್ತವಳು ಎರಡು ಮಾರು ದೂರದ ಮಂಚದ ಮೇಲೆ ಎಚ್ಚರವಾಗಿಯೇ ಇದ್ದಳು.

ಒಂಬತ್ತನೆಯ ದಿನ ಬೆಳಿಗ್ಗೆ, ಅಂಗಡಿಯಲ್ಲಿ ಕೋಟಿನ ಬಟ್ಟೆ ಹರವಿ ಗುರುತು ಹಾಕುತ್ತಿದ್ದಾಗ ಫೋನು ಬಂತು. ಮಗುವಿನ ಕಡೆಯವರಾ ಎಂದು ಒಂದು ಹೆಣ್ಣುದನಿ ಕೇಳಿತು. ಹೌದೆಂದೆ. "ಮಗೂಗೆ ಥೈರಾಯ್ಡ್ ಅಬ್‌ನಾರ್ಮಲ್ ಬಂದಿದೆ, ಇನ್ನೊಂದ್ಸಲ ರಕ್ತ ತೆಗೀಬೇಕು. ಗಾಬರಿ ಆಗೋದೇನಿಲ್ಲ, ಆದ್ರೆ ತಡ ಮಾಡ್ಬೇಡಿ." ಹಾಗಂದರೆ ಏನಮ್ಮಾ ಎಂದೆ. ಅದನ್ನು ಹೇಳುವ ಅಧಿಕಾರ ನನಗಿಲ್ಲ, ಡಾಕ್ಟರೇ ಹೇಳಬೇಕು ಎಂದು ಇಟ್ಟುಬಿಟ್ಟರು. ನಲವತ್ತೊಂದು ಸೆಕೆಂಡು; ಫೋನೇ ತೋರಿಸುತ್ತದೆ. ಮಾನ್ಯರೇ, ಗಾಬರಿಯಾಗದೆ ಓಡಿ ಬರುವುದು ಹೇಗೆ? ತಮ್ಮ ಕಚೇರಿಯಲ್ಲಿ ಆ ವಿದ್ಯೆ ಬಲ್ಲವರಿದ್ದರೆ ನಮಗೂ ಕಲಿಸಿ. ಹೆದರಿಸುವ ಅಧಿಕಾರವನ್ನು ಮಾತ್ರ ಫೋನು ಮಾಡಿದ ಆ ಹೆಣ್ಣುಮಗಳಿಗೆ ಕೊಟ್ಟು, ಹೇಳುವ ಅಧಿಕಾರವನ್ನು ತಾವು ಯಾವ ಬೀರುವಿನಲ್ಲಿ ಇಟ್ಟಿದ್ದೀರಿ?

ಮರೆಯದಿರಲೆಂದು ಆ ಪದವನ್ನು ಸೀಮೆಸುಣ್ಣದಲ್ಲಿ ಕೋಟಿನ ಬಟ್ಟೆಯ ಮೇಲೇ ಬರೆದುಕೊಂಡಿದ್ದೆ. ಎದುರಿಗಿದ್ದ ಗಿರಾಕಿ ಬಗ್ಗಿ ಓದುವುದನ್ನು ಕಂಡು ಅಂಗೈಯಿಂದ ಒರೆಸಿಬಿಟ್ಟೆ. ನನ್ನ ನಾಚಿಕೆ ಶುರುವಾದದ್ದು ಅಲ್ಲಿಂದ. ಹಸಿ ಬಾಣಂತಿಗೆ ಯಾಕೆ ಹೇಳುವುದು, ನಾಳೆ ನೋಡೋಣ ಎಂದುಕೊಂಡೆ. ಅದಕ್ಕೆ ಕರುಣೆ ಎಂದು ಹೆಸರಿಟ್ಟೆ; ಒಳಗಿದ್ದದ್ದು ಪುಕ್ಕಲುತನ. ಸಂಜೆ ಮನೆಗೆ ಬಂದು ತಂಗಿಗೆ ಕಾಗದ ಬರೆದೆ: ಮಗು ದುಂಡು ದುಂಡಗೆ ಚೆನ್ನಾಗಿದೆ, ಬಲು ಸಾಧು, ಸದಾ ನಿದ್ದೆ, ಅಳುವುದೇ ಇಲ್ಲ.

ಮರುದಿನ ಇನ್ನೂ ಕೀಳು ಕೆಲಸ ಮಾಡಿದೆ. ಸೊಸೆಯ ತಾಯಿಗೆ ಫೋನು ಮಾಡಿ, ಅದೂ ಇದೂ ಮಾತಾಡಿ, "ನಿಮ್ಮ ಕಡೆ ಯಾರಿಗಾದ್ರೂ ಥೈರಾಯ್ಡ್ ಇತ್ತಾ, ಬೀಗಿತ್ತಿ?" ಎಂದು ಕೇಳಿದೆ. ನಮ್ಮ ಕಡೆಯವರನ್ನು ಎಣಿಸಿ ನೋಡುವುದು ನನಗೆ ಹೊಳೆಯಲೇ ಇಲ್ಲ. ಯಾಕೆ ಕೇಳ್ತಿದ್ದೀರಿ ಎಂದರು ಆಕೆ. ಸುಮ್ನೆ ಎಂದೆ. ಸುಮ್ಮನೆ ಅಂಥ ಪ್ರಶ್ನೆ ಕೇಳುವವರುಂಟೇ?

ಮಾತು ಬೀಗಿತ್ತಿಯಿಂದ ಅವರ ಮಗಳಿಗೆ ತಲುಪಿತು. ಹನ್ನೆರಡನೆಯ ದಿನ ಬೆಳಿಗ್ಗೆ ಸೊಸೆ ಮಗುವನ್ನು ಭುಜಕ್ಕೆ ಹಾಕಿಕೊಂಡು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಏನಾಗಿದೆ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. "ಮಾವ, ನಮ್ಮಮ್ಮನ್ನ ಕೇಳೋ ಮುಂಚೆ ನನಗೆ ಹೇಳ್ಬಹುದಿತ್ತು. ಇವಳು ನನ್ನ ಮಗಳು" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದೇ ಆಸ್ಪತ್ರೆಗೆ ಹೋದೆವು. ರಕ್ತ ತೆಗೆಸಿ, ಸ್ಕ್ಯಾನ್ ಮಾಡಿಸಿ, ಸಂಜೆ ವರದಿ ಹಿಡಿದು ಡಾಕ್ಟರ ಮುಂದೆ ಕೂತೆವು. ಮಗು ತುಂಬ ಮಲಗುತ್ತಾ, ಅಳು ಕಡಿಮೆಯಾ ಎಂದು ಅವರು ವಿಚಾರಿಸಿದರು. ನಾನು ತಂಗಿಗೆ ಹೊಗಳಿ ಬರೆದದ್ದೆಲ್ಲ ರೋಗದ ಲಕ್ಷಣವಾಗಿತ್ತು. ಇವಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸರಿಯಾಗಿ ಬೆಳೆದಿಲ್ಲ ಎಂದರು ಡಾಕ್ಟರು. ದಿನಕ್ಕೊಂದು ಮಾತ್ರೆ ಅರೆದು ಎದೆಹಾಲಿನಲ್ಲಿ ಕೊಟ್ಟರೆ ಎಲ್ಲ ಮಕ್ಕಳಂತೆ ಬೆಳೆಯುತ್ತಾಳೆ. ಇವಳಿಗೆ ಆಗಿರುವುದು ಅಪ್ಪ ಅಮ್ಮ ಯಾರ ಮನೆತನದಿಂದಲೂ ಬಂದದ್ದಲ್ಲ ಎಂದರು. ಬೀಗಿತ್ತಿಯ ಆ 'ಯಾಕೆ' ನನ್ನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಚಿಕಿತ್ಸೆ ಬೇಗ ಶುರುವಾದಷ್ಟೂ ಮಿದುಳಿಗೆ ಒಳ್ಳೆಯದು, ಫೋನು ಯಾವತ್ತು ಬಂತು ಎಂದು ಡಾಕ್ಟರು ಮಗನನ್ನು ಕೇಳಿದರು.

"ಮೂರು ದಿನ ಆಯ್ತು ಸಾರ್. ನನ್ನ ಹತ್ರ ಇತ್ತು" ಎಂದೆ.

ಇನ್ನೂ ಕೈಮೀರಿಲ್ಲ ಎಂದರು ಡಾಕ್ಟರು. ಮಗು ಈಗ ಗಂಟಲು ಹರಿಯುವಂತೆ ಅಳುತ್ತದೆ. ಕೇಳಿ ಕೇಳಿ ಸಂತೋಷಪಡುತ್ತೇವೆ. ಆದರೆ ಮಾತ್ರೆ ಅರೆಯುವಾಗ ಸೊಸೆ ನನ್ನನ್ನು ಚಮಚ ಕೇಳುವುದಿಲ್ಲ, ತಾನೇ ಎದ್ದು ತರುತ್ತಾಳೆ.

ಮಾನ್ಯರೇ, ಕೋಟಿನ ಅಳತೆ ತಪ್ಪಿದರೆ ನಾನು ತೊಡುವವನನ್ನೇ ಕರೆಸುತ್ತೇನೆ. ಎಲ್ಲಿ ತಪ್ಪಿತು, ಏನು ಮಾಡಬಹುದು ಎಂದು ಎದುರು ನಿಂತು ಹೇಳುತ್ತೇನೆ. ಬಟ್ಟೆಗಿರುವ ಮರ್ಯಾದೆ ಮಗುವಿನ ತಾಯಿಗೆ ಬೇಡವೇ? ಫೋನು ತಾಯಿಗೆ, ತಂದೆಗೆ ಹೋಗಲಿ. ಬೇರೆ ಯಾರು ಎತ್ತಿದರೂ, ಅವರನ್ನು ಕರೆಯಿರಿ ಎಂದಷ್ಟೇ ಹೇಳಲಿ. ಗೊತ್ತಿರುವುದೇನು, ಇನ್ನೂ ಗೊತ್ತಿಲ್ಲದ್ದೇನು, ಯಾವ ಹೊತ್ತಿಗೆ ಯಾವ ಕೋಣೆಗೆ ಬರಬೇಕು ಎಂದು ಬಲ್ಲವರೊಬ್ಬರು ಬಿಡಿಸಿ ಹೇಳಲಿ. ಬರದಿದ್ದರೆ ಸಂಜೆಯೊಳಗೆ ಮತ್ತೆ ಕೇಳಲಿ. ಮೂರು ದಿನದಲ್ಲಿ ಒಮ್ಮೆ ಮತ್ತೆ ಫೋನು ಮಾಡಿ, ತಾಯಿಯನ್ನು ಕರೆಯಿರಿ ಎಂದಿದ್ದರೂ ನನ್ನ ಗುಟ್ಟು ಒಡೆಯುತ್ತಿತ್ತು.

ಕಡೆಗೊಂದು ಬೇಡಿಕೆ. ಆ ಫಾರಂ ಹುಡುಕಿಸಿ, ನನ್ನ ನಂಬರನ್ನು ಹೊಡೆದುಹಾಕಿಸಿ. ಮುಂದಿನ ತಪಾಸಣೆಗೆ ಬಂದಾಗ ಸೊಸೆ ತನ್ನ ಕೈಯಾರೆ ತನ್ನ ನಂಬರು ಬರೆಯುತ್ತಾಳೆ. ಪೆನ್ನು ಅವಳಿಗೇ ಕೊಡಿ. ಪಕ್ಕದಲ್ಲಿ ಮುದುಕನೊಬ್ಬ ಕೈ ಚಾಚಿದರೆ ದಯವಿಟ್ಟು ಕೊಡಬೇಡಿ.

ಇಂತಿ,
ನಲವತ್ತೊಂದು ಸೆಕೆಂಡಿನ ಸುದ್ದಿಯನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡ
ಒಬ್ಬ ಅಜ್ಜ